ಬಿಡುವು: ಕೆಲಸದ ಇನ್ನೊಂದು ಭಾಗ

ಪರೀಕ್ಷೆ ಹತ್ತಿರ ಬಂದಾಗ ನಮ್ಮ ಶಾಲಾ ಕಾಲೇಜುಗಳ ವೇಳಾಪಟ್ಟಿಯಿಂದ ಮೊದಲು ಮಾಯವಾಗುವುದು ಯಾವುದು ಎಂಬುದನ್ನು ನೀವು ಗಮನಿಸಿರಬಹುದು. ಮೊದಲು ಆಟದ ಪಿರಿಯಡ್ ಹೋಗುತ್ತದೆ. ಆಮೇಲೆ ಬೆಳಗಿನ ಕಿರು ಬಿಡುವು. ಕೊನೆಗೆ ಊಟದ ಬಿಡುವಿನ ಅರ್ಧಭಾಗವೂ ವಿಶೇಷ ತರಗತಿಗೆ ಸೇರುತ್ತದೆ. ಹೀಗೆ ಉಳಿಸಿದ ನಿಮಿಷಗಳನ್ನೆಲ್ಲ ಕೂಡಿಸಿ, ಇಷ್ಟು ಗಂಟೆ ಹೆಚ್ಚು ಪಾಠವಾಯಿತು ಎಂದು ನಾವು ಸಮಾಧಾನಪಡುತ್ತೇವೆ.

ಈ ಲೆಕ್ಕವನ್ನು ನಾನೂ ಮಾಡಿದ್ದೇನೆ. ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಬಿಡುವಿನ ಹತ್ತು ನಿಮಿಷದಲ್ಲಿ ದಿನಕ್ಕೆರಡು ಲೆಕ್ಕ ಬಿಡಿಸಿ ತೋರಿಸುತ್ತಿದ್ದೆ. ಒಂದು ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸಂಕೋಚದಿಂದಲೇ ಹೇಳಿದಳು: “ಸರ್, ಬಿಡುವಿನಲ್ಲಿ ಮಾಡಿದ ಲೆಕ್ಕ ನೆನಪಿರೋದಿಲ್ಲ. ಅದಕ್ಕೆ ಮುಂಚೆ ನೀವು ಮಾಡಿದ ಪಾಠವೂ ಮರೆತುಹೋಗುತ್ತೆ.” ಆಗ ಅದನ್ನು ಸೋಮಾರಿತನದ ನೆಪ ಎಂದುಕೊಂಡೆ. ಅವಳು ಹೇಳಿದ ಮಾತನ್ನು ಜರ್ಮನಿಯ ಒಂದು ಪ್ರಯೋಗಾಲಯ 1900ರಲ್ಲಿಯೇ ಅಳೆದು ಪ್ರಕಟಿಸಿತ್ತು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಆ ಪ್ರಯೋಗದ ಕಥೆಯನ್ನೂ ಅದರ ಹಿಂದೆ ಮುಂದೆ ನಡೆದ ಕೆಲವು ಪ್ರಯೋಗಗಳ ಕಥೆಯನ್ನೂ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ಬಿಡುವು ಎಂದರೆ ಕೆಲಸ ನಿಂತ ಸಮಯವೇ ಅಥವಾ ಕೆಲಸದ್ದೇ ಒಂದು ಭಾಗವೇ ಎಂಬುದು ನಮ್ಮ ಪ್ರಶ್ನೆ.

ಬೆರಳಿನ ದಣಿವು

ದಣಿವು ಎಲ್ಲರ ಅನುಭವಕ್ಕೂ ಬರುವಂಥದು. ಆದರೆ ಅದನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ಉಪಕರಣದ ಮೂಲಕ ಉತ್ತರ ಹುಡುಕಿದವರಲ್ಲಿ ಇಟಲಿಯ ಟ್ಯೂರಿನ್ ನಗರದ ಶರೀರಕ್ರಿಯಾ ವಿಜ್ಞಾನಿ ಆಂಜೆಲೊ ಮೊಸ್ಸೊ (1846–1910) ಪ್ರಮುಖ. ಬಡಗಿಯೊಬ್ಬರ ಮಗನಾಗಿ ಹುಟ್ಟಿದ ಮೊಸ್ಸೊ ವೈದ್ಯಶಾಸ್ತ್ರ ಓದಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಾರ್ಲ್ ಲುಡ್ವಿಗ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಲುಡ್ವಿಗ್ 1847ರಲ್ಲಿ ಕೈಮೋಗ್ರಾಫ್ ಎಂಬ ಉಪಕರಣವನ್ನು ರೂಪಿಸಿದ್ದರು. ಮಸಿ ಹಿಡಿಸಿದ ಕಾಗದವನ್ನು ಉರುಳೆಗೆ ಸುತ್ತಿ, ಅದು ನಿಧಾನವಾಗಿ ತಿರುಗುವಾಗ ಸೂಜಿಯೊಂದು ಅದರ ಮೇಲೆ ಗೆರೆ ಎಳೆಯುವಂತೆ ಮಾಡುವುದು ಅದರ ತತ್ವ. ದೇಹದೊಳಗಿನ ಚಲನೆ ಹೀಗೆ ಕಾಗದದ ಮೇಲೆ ಆಲೇಖವಾಗಿ ಮೂಡುತ್ತಿತ್ತು.

ಟ್ಯೂರಿನ್‌ಗೆ ಮರಳಿದ ಮೊಸ್ಸೊ 1880ರ ದಶಕದಲ್ಲಿ ಎರ್ಗೋಗ್ರಾಫ್ ಎಂಬ ಉಪಕರಣವನ್ನು ತಯಾರಿಸಿದರು. ಮುಂಗೈಯನ್ನು ಮೇಜಿನ ಮೇಲೆ ಅಲುಗದಂತೆ ಬಿಗಿಯುತ್ತಿದ್ದರು. ನಡುಬೆರಳಿಗೆ ಕಟ್ಟಿದ ದಾರ ರಾಟೆಯ ಮೇಲಿಂದ ಹಾದು ಕೆಲವು ಕಿಲೋಗ್ರಾಂ ತೂಕವನ್ನು ಹೊರುತ್ತಿತ್ತು. ಮೆಟ್ರೋನೋಮಿನ ತಾಳಕ್ಕೆ ಸರಿಯಾಗಿ, ಎರಡು ಸೆಕೆಂಡಿಗೊಮ್ಮೆ ಬೆರಳು ಮಡಿಸಿ ಆ ತೂಕವನ್ನು ಮೇಲೆತ್ತಬೇಕು. ಎಷ್ಟು ಎತ್ತರಕ್ಕೆ ಎತ್ತಿದರು ಎಂಬುದನ್ನು ಸೂಜಿ ದಾಖಲಿಸುತ್ತಿತ್ತು. ಮೊದಲ ಗೆರೆಗಳು ಎತ್ತರ, ಬರಬರುತ್ತಾ ಗಿಡ್ಡ, ಕೊನೆಗೆ ಸೊನ್ನೆ. ಗೆರೆಗಳ ತುದಿಗಳನ್ನು ಕೂಡಿಸಿದರೆ ದೊರೆಯುವುದೇ ದಣಿವಿನ ವಕ್ರರೇಖೆ. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಅನುಕೂಲವೂ ಕಾಣುತ್ತದೆ. ತೂಕ ಗೊತ್ತು, ಎತ್ತರ ಗೊತ್ತು. ಗುಣಿಸಿದರೆ ಬೆರಳು ಮಾಡಿದ ಕೆಲಸ ಎಷ್ಟೆಂದು ತಿಳಿಯುತ್ತದೆ.

ಮೊಸ್ಸೊ ಅವರ ಸಹೋದ್ಯೋಗಿ ಆರ್ನಾಲ್ಡೊ ಮಜ್ಜೋರಾ ತಮ್ಮದೇ ಬೆರಳಿನ ಮೇಲೆ ದೀರ್ಘಕಾಲ ಪ್ರಯೋಗ ನಡೆಸಿದರು. ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ನಡೆಸಿ ಬಂದ ದಿನ ಅವರ ಬೆರಳಿನ ವಕ್ರರೇಖೆ ತೀರಾ ಕುಗ್ಗಿರುತ್ತಿತ್ತು. ಕುಳಿತಲ್ಲೇ ಪ್ರಶ್ನೆ ಕೇಳಿದ ಪರೀಕ್ಷಕನ ಬೆರಳೂ ದಣಿದಿತ್ತು! ದಿನವಿಡೀ ಪ್ರಾಯೋಗಿಕ ಪರೀಕ್ಷೆ ನಡೆಸಿದ ಯಾವ ಅಧ್ಯಾಪಕರಿಗೂ ಇದು ಆಶ್ಚರ್ಯವೆನಿಸಲಾರದು.

ಮಜ್ಜೋರಾ ಅವರ ಇನ್ನೊಂದು ಫಲಿತಾಂಶ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಮೂವತ್ತು ಬಾರಿ ಎತ್ತಿ ಬೆರಳು ಪೂರ್ತಿ ಸೋತರೆ, ಅದು ಮೊದಲಿನ ಸ್ಥಿತಿಗೆ ಬರಲು ಎರಡು ಗಂಟೆ ವಿಶ್ರಾಂತಿ ಬೇಕಾಗುತ್ತಿತ್ತು. ಹದಿನೈದಕ್ಕೇ ನಿಲ್ಲಿಸಿದರೆ? ಅರ್ಧ ಕೆಲಸಕ್ಕೆ ಅರ್ಧ ವಿಶ್ರಾಂತಿ, ಅಂದರೆ ಒಂದು ಗಂಟೆ ಎಂದು ನೀವು ಊಹಿಸಬಹುದು. ಸಾಕಾದದ್ದು ಕೇವಲ ಅರ್ಧ ಗಂಟೆ. ಎರಡು ಗಂಟೆಯ ಲೆಕ್ಕ ಹಾಕಿ ನೋಡಿ. ಪೂರ್ತಿ ಸೋಲುವವರೆಗೆ ಎತ್ತಿದವರಿಗೆ ದಕ್ಕುವುದು ಮೂವತ್ತು ಎತ್ತುಗಳು. ನಡುವೆಯೇ ನಿಲ್ಲಿಸಿದವರಿಗೆ ಹದಿನೈದರ ನಾಲ್ಕು ಸರದಿ, ಅಂದರೆ ಅರವತ್ತು. ಇನ್ನೂ ಮುಂದೆ ಹೋಗಿ, ಪ್ರತಿ ಎತ್ತಿನ ನಡುವೆ ಹತ್ತು ಸೆಕೆಂಡು ಬಿಡುವು ಕೊಟ್ಟಾಗ ದಣಿವು ಕಾಣಿಸಿಕೊಳ್ಳಲೇ ಇಲ್ಲ.

ಇದರ ಸಾರಾಂಶ ಇಷ್ಟು: ಕೆಲಸದ ಕೊನೆಯ ಅರ್ಧ ಮೊದಲ ಅರ್ಧಕ್ಕಿಂತ ಬಹಳ ದುಬಾರಿ. ದಣಿದ ಸ್ನಾಯುವಿನಿಂದ ಹಿಂಡಿ ತೆಗೆದ ಸ್ವಲ್ಪ ಕೆಲಸಕ್ಕೆ ದೊಡ್ಡ ಬೆಲೆ ತೆರಬೇಕು. ಆದ್ದರಿಂದ ಬಿಡುವು ತೆಗೆದುಕೊಳ್ಳಬೇಕಾದದ್ದು ಸೋತ ಮೇಲೆ ಅಲ್ಲ, ಸೋಲುವ ಮುನ್ನ. ಮೊಸ್ಸೊ ಈ ಪ್ರಯೋಗಗಳನ್ನೆಲ್ಲ ಸೇರಿಸಿ 1891ರಲ್ಲಿ ‘ಲಾ ಫಾತೀಕಾ’, ಅಂದರೆ ‘ದಣಿವು’, ಎಂಬ ಪುಸ್ತಕವನ್ನು ಪ್ರಕಟಿಸಿದರು.

ಪ್ರಯೋಗಾಲಯದ ಒಂದು ಹೋಲಿಕೆ

ನಿಮ್ಮ ಪ್ರಯೋಗಾಲಯದ ಲೆಕ್ಲಾಂಷೆ ಕೋಶವನ್ನು ನೆನಪಿಸಿಕೊಳ್ಳಿ. ಫ್ರಾನ್ಸಿನ ಜಾರ್ಜ್ ಲೆಕ್ಲಾಂಷೆ 1866ರಲ್ಲಿ ರೂಪಿಸಿದ ಈ ಕೋಶದಿಂದ ನಿರಂತರವಾಗಿ ವಿದ್ಯುತ್ ಸೆಳೆದರೆ ಇಂಗಾಲದ ದಂಡದ ಸುತ್ತ ಹೈಡ್ರೋಜನ್ ಸೇರಿಕೊಳ್ಳುತ್ತದೆ. ವಿದ್ಯುತ್ ಚಾಲಕ ಬಲ ಕುಸಿಯುತ್ತದೆ. ಇದನ್ನೇ ಧ್ರುವೀಕರಣ ಎಂದು ಪಾಠ ಮಾಡುತ್ತೇವೆ. ಮ್ಯಾಂಗನೀಸ್ ಡೈಆಕ್ಸೈಡು ಆ ಹೈಡ್ರೋಜನನ್ನು ಉತ್ಕರ್ಷಿಸುತ್ತದೆ, ಆದರೆ ನಿಧಾನವಾಗಿ. ಸ್ವಿಚ್ಚು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಕೋಶ ಚೇತರಿಸಿಕೊಳ್ಳುತ್ತದೆ. ಬಿಟ್ಟು ಬಿಟ್ಟು ಬಾರಿಸುವ ಕರೆಗಂಟೆಗೆ ಇದು ಯೋಗ್ಯ, ಸತತ ಪ್ರವಾಹಕ್ಕೆ ಅಲ್ಲ ಎಂದು ಪುಸ್ತಕದಲ್ಲಿ ಓದಿರುತ್ತೀರಿ. ಹೊರಗಿನಿಂದ ನೋಡಿದರೆ ಬಿಡುವಿನಲ್ಲಿ ಕೋಶ ಸುಮ್ಮನಿರುತ್ತದೆ. ಒಳಗೆ ರಾಸಾಯನಿಕ ಕ್ರಿಯೆ ನಡೆಯುತ್ತಲೇ ಇರುತ್ತದೆ.

ಇದು ಹೋಲಿಕೆ ಮಾತ್ರ. ಹೋಲಿಕೆಯನ್ನೇ ಸಿದ್ಧಾಂತವೆಂದು ಭಾವಿಸಿದರೆ ಎಡವುತ್ತೇವೆ. ದಣಿದ ನಾಯಿಯ ರಕ್ತವನ್ನು ದಣಿಯದ ನಾಯಿಗೆ ಕೊಟ್ಟಾಗ ಅದರಲ್ಲಿಯೂ ದಣಿವಿನ ಲಕ್ಷಣಗಳು ಕಂಡದ್ದರಿಂದ, ದಣಿವು ಒಂದು ಬಗೆಯ ವಿಷ ಎಂದು ಮೊಸ್ಸೊ ಭಾವಿಸಿದ್ದರು. ಜರ್ಮನಿಯ ವಿಲ್‌ಹೆಲ್ಮ್ ವೈಖಾರ್ಟ್ 1904ರಲ್ಲಿ ಆ ವಿಷವನ್ನು ಕಂಡುಹಿಡಿದೆ, ಅದಕ್ಕೆ ಪ್ರತಿವಿಷವನ್ನೂ ತಯಾರಿಸಿದೆ ಎಂದರು. ಆ ಸಂಶೋಧನೆ ನಿಲ್ಲಲಿಲ್ಲ. ದಣಿವಿಗೆ ಲಸಿಕೆ ಹಾಕಿ ಬಿಡುವನ್ನು ಇಲ್ಲವಾಗಿಸುವ ಕನಸೂ ಅದರೊಂದಿಗೇ ಮುಗಿಯಿತು.

ಕಾರ್ಖಾನೆಯ ಸಾಕ್ಷ್ಯ

ಬೆರಳಿನ ಪ್ರಯೋಗ ಇಡೀ ಮನುಷ್ಯನಿಗೆ ಅನ್ವಯಿಸುತ್ತದೆಯೇ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ. ರಣರಂಗಕ್ಕೆ ಮದ್ದುಗುಂಡು ಸಾಲುತ್ತಿರಲಿಲ್ಲ. ಕಾರ್ಖಾನೆಗಳಲ್ಲಿ ಮಹಿಳೆಯರೂ ಸೇರಿ ವಾರಕ್ಕೆ ಎಪ್ಪತ್ತು ಗಂಟೆಯವರೆಗೆ ದುಡಿಯುತ್ತಿದ್ದರು. ಎಷ್ಟೋ ಕಡೆ ಭಾನುವಾರದ ರಜೆಯೂ ಇರಲಿಲ್ಲ. ಹೆಚ್ಚು ಗಂಟೆ ಎಂದರೆ ಹೆಚ್ಚು ಗುಂಡು ಎಂಬುದು ಎಲ್ಲರ ನಂಬಿಕೆ. 1915ರಲ್ಲಿ ಸರ್ ಜಾರ್ಜ್ ನ್ಯೂಮನ್ ಅವರ ಅಧ್ಯಕ್ಷತೆಯಲ್ಲಿ ಈ ಕಾರ್ಮಿಕರ ಆರೋಗ್ಯ ಪರಿಶೀಲನೆಗೆ ಸಮಿತಿಯೊಂದು ನೇಮಕವಾಯಿತು. ಅದಕ್ಕಾಗಿ ಶರೀರಕ್ರಿಯಾ ವಿಜ್ಞಾನಿ ಹೊರೇಸ್ ವರ್ನನ್ ಕಾರ್ಖಾನೆಗಳಿಗೆ ಹೋಗಿ, ಕೆಲಸದ ಗಂಟೆ ಎಷ್ಟು, ಉತ್ಪಾದನೆ ಎಷ್ಟು ಎಂದು ವಾರವಾರವೂ ಅಂಕಿ ಅಂಶ ಸಂಗ್ರಹಿಸಿದರು. ಗಂಟೆಗಳನ್ನು ಇಳಿಸಿದರೂ ಒಟ್ಟು ಉತ್ಪಾದನೆ ಇಳಿಯಲಿಲ್ಲ. ಕೆಲವು ಕೆಲಸಗಳಲ್ಲಿ ಏರಿತು ಕೂಡ.

ನೂರು ವರ್ಷಗಳ ನಂತರ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕವೆಲ್ ಅದೇ ಅಂಕಿಗಳನ್ನು ಇಂದಿನ ಸಂಖ್ಯಾಶಾಸ್ತ್ರೀಯ ವಿಧಾನಗಳಿಂದ ಪರಿಶೀಲಿಸಿ 2014–15ರಲ್ಲಿ ಪ್ರಕಟಿಸಿದರು. ವಾರಕ್ಕೆ ಸುಮಾರು 49 ಗಂಟೆಯವರೆಗೆ ಉತ್ಪಾದನೆ ಗಂಟೆಗಳಿಗೆ ಅನುಪಾತದಲ್ಲಿ ಏರುತ್ತದೆ. ಅಲ್ಲಿಂದ ಮುಂದೆ ಏರಿಕೆ ಮಂದವಾಗುತ್ತದೆ. 70 ಗಂಟೆ ದುಡಿದವರ ಉತ್ಪಾದನೆಗೂ 56 ಗಂಟೆ ದುಡಿದವರ ಉತ್ಪಾದನೆಗೂ ಹೆಚ್ಚಿನ ವ್ಯತ್ಯಾಸವೇ ಇರಲಿಲ್ಲ. ಅಂದರೆ ಕೊನೆಯ ಹದಿನಾಲ್ಕು ಗಂಟೆ ಬಹುಮಟ್ಟಿಗೆ ವ್ಯರ್ಥ. ವಾರದ ಒಂದು ದಿನದ ರಜೆ ಇಲ್ಲದಿದ್ದರೂ ಉತ್ಪಾದನೆಗೆ ಪೆಟ್ಟು ಬೀಳುತ್ತಿತ್ತು. ಮಜ್ಜೋರಾ ಬೆರಳಿನಲ್ಲಿ ಕಂಡದ್ದು ಸ್ಥೂಲವಾಗಿ ಕಾರ್ಖಾನೆಯಲ್ಲಿಯೂ ಕಂಡಿತು. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಓದುವ ವಿದ್ಯಾರ್ಥಿ ಈ ಸಂಖ್ಯೆಗಳನ್ನೊಮ್ಮೆ ನೋಡಬೇಕು.

ಕಲಿತ ಮೇಲಿನ ಆರು ನಿಮಿಷ

ಇಲ್ಲಿಯವರೆಗೆ ನಾವು ನೋಡಿದ್ದು ಬಿಡುವು ಯಾವಾಗ ಬೇಕು ಎಂಬುದನ್ನು. ಬಿಡುವಿನಲ್ಲಿ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಜರ್ಮನಿಯ ಗಾಟಿಂಗೆನ್‌ಗೆ ಹೋಗಬೇಕು. ಅಲ್ಲಿನ ಮನಶ್ಶಾಸ್ತ್ರಜ್ಞ ಗೇಯೋರ್ಗ್ ಎಲಿಯಾಸ್ ಮ್ಯುಲ್ಲರ್ ಮತ್ತು ಅವರ ಶಿಷ್ಯ ಆಲ್ಫೋನ್ಸ್ ಪಿಲ್ಟ್ಸೆಕರ್ 1892ರಿಂದ ಎಂಟು ವರ್ಷ ಸ್ಮರಣೆಯ ಮೇಲೆ ಪ್ರಯೋಗ ನಡೆಸಿದರು. ಅರ್ಥವಿಲ್ಲದ ಅಕ್ಷರಗುಚ್ಛಗಳ ಜೋಡಿಗಳನ್ನು ಜನರಿಂದ ಬಾಯಿಪಾಠ ಮಾಡಿಸಿದರು. ಅರ್ಥವಿಲ್ಲದ ಅಕ್ಷರಗಳೇ ಏಕೆಂದರೆ, ಅವುಗಳ ಬಗ್ಗೆ ಯಾರಿಗೂ ಮೊದಲೇ ಏನೂ ತಿಳಿದಿರುವುದಿಲ್ಲ.

ಮೊದಲ ಪಟ್ಟಿಯನ್ನು ಕಲಿತ ಬಳಿಕ ಕೆಲವು ಬಾರಿ ತಕ್ಷಣವೇ, ಹದಿನೇಳು ಸೆಕೆಂಡುಗಳಲ್ಲಿ, ಎರಡನೆಯ ಪಟ್ಟಿಯನ್ನು ಕೊಟ್ಟರು. ಇನ್ನು ಕೆಲವು ಬಾರಿ ಆರು ನಿಮಿಷ ಬಿಟ್ಟು ಕೊಟ್ಟರು. ಆಮೇಲೆ ಮೊದಲ ಪಟ್ಟಿಯನ್ನು ಕೇಳಿದರು. ಬಿಡುವಿಲ್ಲದಾಗ ನೆನಪಿದ್ದದ್ದು ಸುಮಾರು ಶೇಕಡ 28. ಆರು ನಿಮಿಷದ ಬಿಡುವಿದ್ದಾಗ ಹೆಚ್ಚುಕಡಿಮೆ ಅರ್ಧ. ಇನ್ನೊಂದು ಪ್ರಯೋಗದಲ್ಲಿ ಎರಡನೆಯ ಪಟ್ಟಿಯ ಬದಲು ನಿಸರ್ಗ ದೃಶ್ಯಗಳ ಚಿತ್ರ ತೋರಿಸಿ ವರ್ಣಿಸಲು ಹೇಳಿದರು. ಚಿತ್ರಕ್ಕೂ ಅಕ್ಷರಗಳಿಗೂ ಸಂಬಂಧವೇ ಇರಲಿಲ್ಲ. ಆದರೂ ಮೊದಲು ಕಲಿತದ್ದು ಕೆಟ್ಟಿತು.

1900ರಲ್ಲಿ ಪ್ರಕಟವಾದ ವರದಿಯಲ್ಲಿ ಅವರು ಕೊಟ್ಟ ವಿವರಣೆ ಹೀಗಿದೆ: ಪಾಠ ಮುಗಿದೊಡನೆ ಕಲಿಕೆ ಮುಗಿಯುವುದಿಲ್ಲ. ಕಲಿತದ್ದು ಗಟ್ಟಿಗೊಳ್ಳಲು ಮಿದುಳಿಗೆ ಸ್ವಲ್ಪ ಕಾಲ ಬೇಕು. ಆ ಅವಧಿಯಲ್ಲಿ ಹೊಸ ಕೆಲಸ ತುರುಕಿದರೆ ಹಳೆಯದು ಅಳಿಸುತ್ತದೆ. ಗಟ್ಟಿಗೊಳ್ಳುವ ಈ ಕ್ರಿಯೆಗೆ ಅವರು ಬಳಸಿದ ಪದ ಇಂದಿಗೂ ನರವಿಜ್ಞಾನದಲ್ಲಿ ಚಾಲ್ತಿಯಲ್ಲಿದೆ. ನಾವದನ್ನು ದೃಢೀಕರಣ ಎನ್ನೋಣ. ಹೊಸದಾಗಿ ಹಾಕಿದ ಕಾಂಕ್ರೀಟಿನ ಮೇಲೆ ತಕ್ಷಣ ನಡೆದಾಡಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ನನ್ನ ವಿದ್ಯಾರ್ಥಿನಿ ಹೇಳಿದ್ದೂ ಅದನ್ನೇ. ಬಿಡುವಿನಲ್ಲಿ ನಾನು ಬಿಡಿಸಿದ ಎರಡು ಲೆಕ್ಕಗಳು ಅದಕ್ಕೆ ಮುಂಚಿನ ಮುಕ್ಕಾಲು ಗಂಟೆಯ ಪಾಠದ ಮೇಲೆ ಹೆಜ್ಜೆ ಹಾಕುತ್ತಿದ್ದವು.

ಸುಮ್ಮನಿರದ ಮಿದುಳು

ವಿಶ್ರಾಂತಿಯಲ್ಲಿ ಮಿದುಳು ಕೆಲಸ ಮಾಡುತ್ತದೆ ಎನ್ನಲು ಪುರಾವೆ ಏನು? ಇಲ್ಲಿ ಮತ್ತೆ ಮೊಸ್ಸೊ ಎದುರಾಗುತ್ತಾರೆ. ಯೋಚಿಸುವಾಗ ಮಿದುಳಿಗೆ ಹೆಚ್ಚು ರಕ್ತ ಹರಿಯಬೇಕು ಎಂದು ಊಹಿಸಿದ ಅವರು 1880ರ ದಶಕದ ಮೊದಲಲ್ಲಿ ಮನುಷ್ಯನನ್ನೇ ಮಲಗಿಸಬಹುದಾದ ತಕ್ಕಡಿಯನ್ನು ಕಟ್ಟಿದರು. ಕತ್ತಿಯಂಚಿನ ಮೇಲೆ ನಿಂತ ಉದ್ದನೆಯ ಹಲಗೆ, ಅದರ ಮೇಲೆ ಅಲುಗದೆ ಮಲಗಿದ ವ್ಯಕ್ತಿ. ಸಮತೋಲಕ್ಕೆ ತಂದ ಮೇಲೆ ಆ ವ್ಯಕ್ತಿಗೆ ಓದಲು ಕೊಟ್ಟರೆ ತಲೆಯ ಬದಿ ಕೆಳಗೆ ವಾಲುತ್ತದೆ ಎಂದು ಅವರು ವರದಿ ಮಾಡಿದರು. ಉಸಿರಾಟದ ಏರಿಳಿತವೇ ಹಲಗೆಯನ್ನು ಅಲುಗಿಸುವಾಗ ಇಷ್ಟು ಸೂಕ್ಷ್ಮ ಬದಲಾವಣೆಯನ್ನು ಬೇರ್ಪಡಿಸುವುದು ಎಷ್ಟು ಕಷ್ಟವೆಂದು, ಭೌತತಕ್ಕಡಿ ಬಳಸಿದ ನಿಮಗೆ ಹೇಳಬೇಕಾಗಿಲ್ಲ. ಇಂದಿನ ಮಿದುಳು ಚಿತ್ರಣ ಯಂತ್ರಗಳೂ ಬಹುಮಟ್ಟಿಗೆ ರಕ್ತದ ಹರಿವಿನ ಬದಲಾವಣೆಯನ್ನೇ ಅವಲಂಬಿಸಿವೆ.

ಮುಂದಿನ ಹೆಜ್ಜೆ ಅನಿರೀಕ್ಷಿತವಾಗಿತ್ತು. ಅಮೆರಿಕದಲ್ಲಿ ಲೂಯಿ ಸೊಕೊಲಾಫ್ ಮತ್ತು ಸಂಗಡಿಗರು 1955ರಲ್ಲಿ, ಮನಸ್ಸಿನಲ್ಲೇ ಲೆಕ್ಕ ಮಾಡುವವರ ಮಿದುಳು ಎಷ್ಟು ಆಮ್ಲಜನಕ ಬಳಸುತ್ತದೆಂದು ಅಳೆದರು. ಸುಮ್ಮನೆ ಮಲಗಿದಾಗಿನ ಅಳತೆಗೂ ಲೆಕ್ಕ ಮಾಡುವಾಗಿನ ಅಳತೆಗೂ ಒಟ್ಟಾರೆ ವ್ಯತ್ಯಾಸವೇ ಕಾಣಲಿಲ್ಲ. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡ 2ರಷ್ಟು. ವಿಶ್ರಾಂತಿಯಲ್ಲಿರುವ ದೇಹದ ಶಕ್ತಿವ್ಯಯದಲ್ಲಿ ಅದರ ಪಾಲು ಸುಮಾರು ಶೇಕಡ 20. ಏನೂ ಮಾಡದಿರುವಾಗಲೂ ಇಷ್ಟು ಶಕ್ತಿ ವ್ಯಯವಾಗುತ್ತಿದ್ದರೆ ಅದು ಸುಮ್ಮನಿಲ್ಲ ಎಂದೇ ಅರ್ಥವಲ್ಲವೇ? 2001ರಲ್ಲಿ ಮಾರ್ಕಸ್ ರೇಕಲ್ ಮತ್ತು ಸಂಗಡಿಗರು ಈ ಪ್ರಶ್ನೆಗೆ ಸ್ಪಷ್ಟ ರೂಪ ಕೊಟ್ಟರು. ಗಮನವಿಟ್ಟು ಹೊರಗಿನ ಕೆಲಸ ಮಾಡುವಾಗ ಮಿದುಳಿನ ಕೆಲವು ಭಾಗಗಳ ಚಟುವಟಿಕೆ ಕಡಿಮೆಯಾಗುತ್ತದೆ. ವಿಶ್ರಾಂತಿಯಲ್ಲಿ ಅದೇ ಭಾಗಗಳು ಚುರುಕಾಗುತ್ತವೆ. ನೆನಪು, ನಾಳಿನ ಯೋಚನೆ, ತನ್ನ ಬಗೆಗಿನ ಚಿಂತನೆ ಇವುಗಳೊಂದಿಗೆ ಈ ಜಾಲಕ್ಕೆ ನಂಟಿದೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು.

ಇಲಿಗಳಲ್ಲಿ ಇನ್ನೂ ನೇರ ಸಾಕ್ಷ್ಯ ದೊರೆಯಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಡೇವಿಡ್ ಫಾಸ್ಟರ್ ಮತ್ತು ಮ್ಯಾಥ್ಯೂ ವಿಲ್ಸನ್ 2006ರಲ್ಲಿ ಓಟದ ಹಾದಿಯ ತುದಿಯಲ್ಲಿ ನಿಂತ ಇಲಿಗಳ ನರಕೋಶಗಳನ್ನು ಗಮನಿಸಿದರು. ಓಡುವಾಗ ಒಂದರ ಹಿಂದೊಂದು ಸ್ಪಂದಿಸಿದ ಕೋಶಗಳು, ಇಲಿ ಎಚ್ಚರವಾಗಿಯೇ ನಿಂತು ಸುಧಾರಿಸಿಕೊಳ್ಳುವಾಗ ಅದೇ ಸರಣಿಯಲ್ಲಿ, ಆದರೆ ಹಿಂದುಮುಂದಾಗಿ ಮತ್ತು ಬಹಳ ವೇಗವಾಗಿ, ಮತ್ತೆ ಸ್ಪಂದಿಸಿದವು. ನಡೆದ ದಾರಿಯನ್ನು ಇಲಿಯ ಮಿದುಳು ಮೆಲುಕು ಹಾಕುತ್ತಿತ್ತು. ಹುಲ್ಲು ಮೇಯ್ದ ಹಸು ನೆರಳಿನಲ್ಲಿ ಮಲಗಿ ಮೆಲುಕು ಹಾಕುವುದನ್ನು ನೋಡಿ ಅದು ಸೋಮಾರಿ ಎನ್ನುವ ರೈತನಿಲ್ಲ.

ಹೆಲ್ಮ್‌ಹೋಲ್ಟ್ಸ್ ಮತ್ತು ಪ್ವಾಂಕಾರೆ

ವಿಜ್ಞಾನಿಗಳು ತಮ್ಮ ಕೆಲಸದಲ್ಲಿ ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು. ಶಕ್ತಿಯ ನಿತ್ಯತೆಯ ನಿಯಮಕ್ಕಾಗಿ ನೀವು ನೆನೆಯುವ ಹೆರ್ಮನ್ ಹೆಲ್ಮ್‌ಹೋಲ್ಟ್ಸ್ 1891ರಲ್ಲಿ ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ಭಾಷಣದಲ್ಲಿ ತಮ್ಮ ಅನುಭವ ಹೇಳಿಕೊಂಡರು. ಒಳ್ಳೆಯ ವಿಚಾರಗಳು ಮಿದುಳು ದಣಿದಾಗ ಬರಲಿಲ್ಲ, ಬರೆಯುವ ಮೇಜಿನ ಬಳಿಯೂ ಬರಲಿಲ್ಲ. ಸಮಸ್ಯೆಯನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿ, ಆ ದಣಿವು ಕಳೆದ ಮೇಲೆ, ಬಿಸಿಲಿನ ದಿನ ಕಾಡಿನ ಗುಡ್ಡವನ್ನು ನಿಧಾನವಾಗಿ ಹತ್ತುವಾಗ ಬಂದವು ಎಂಬುದು ಅವರ ಮಾತಿನ ತಾತ್ಪರ್ಯ.

ಫ್ರೆಂಚ್ ಗಣಿತಜ್ಞ ಆನ್ರಿ ಪ್ವಾಂಕಾರೆ 1908ರಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ಉಪನ್ಯಾಸ ಇನ್ನೂ ಪ್ರಸಿದ್ಧ. ಒಂದು ಬಗೆಯ ಗಣಿತ ಉತ್ಪನ್ನಗಳ ಮೇಲೆ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಅವರು ಭೂವಿಜ್ಞಾನದ ಪ್ರವಾಸಕ್ಕೆ ಹೊರಟರು. ಪ್ರಯಾಣದ ಗಡಿಬಿಡಿಯಲ್ಲಿ ಗಣಿತ ಮರೆತೇಹೋಗಿತ್ತು. ಕೂತಾಂಸ್ ಎಂಬ ಊರಿನಲ್ಲಿ ಕುದುರೆ ಬಂಡಿಯ ಮೆಟ್ಟಿಲಿಗೆ ಕಾಲಿಟ್ಟ ಕ್ಷಣ, ಆ ಉತ್ಪನ್ನಗಳಿಗೂ ಯೂಕ್ಲಿಡೇತರ ಜ್ಯಾಮಿತಿಗೂ ಇರುವ ಸಂಬಂಧ ಹೊಳೆಯಿತು. ಅವರ ದಿನಚರಿಯೂ ಗಮನಾರ್ಹ. ಬೆಳಗ್ಗೆ ಹತ್ತರಿಂದ ಹನ್ನೆರಡು, ಸಂಜೆ ಐದರಿಂದ ಏಳು, ದಿನಕ್ಕೆ ನಾಲ್ಕೇ ಗಂಟೆ ಅವರ ಗಣಿತದ ದುಡಿಮೆ. ಆದರೆ ಒಂದು ಎಚ್ಚರಿಕೆಯ ಮಾತನ್ನೂ ಅವರು ಹೇಳಿದರು. ಮನಸ್ಸಿನ ಈ ಮರೆಯ ಕೆಲಸ ಫಲ ಕೊಡಬೇಕಾದರೆ ಅದಕ್ಕೆ ಮುಂಚೆ ಎಚ್ಚರದ ಶ್ರಮ ಇರಬೇಕು, ನಂತರವೂ ಇರಬೇಕು. ಬರೀ ಬಂಡಿ ಹತ್ತಿದವರಿಗೆಲ್ಲ ಜ್ಯಾಮಿತಿ ಹೊಳೆಯುವುದಿಲ್ಲ!

ಯಾವುದು ನಿಜವಾದ ಬಿಡುವು?

ಈಗ ನಮ್ಮ ಕಾಲಕ್ಕೆ ಬರೋಣ. ಎಡಿನ್‌ಬರೋದಲ್ಲಿ ಮೈಕೇಲಾ ಡ್ಯೂವರ್ ಮತ್ತು ಸಂಗಡಿಗರು 2012ರಲ್ಲಿ ಮ್ಯುಲ್ಲರ್ ಅವರ ಪ್ರಯೋಗವನ್ನು ಬೇರೆ ರೂಪದಲ್ಲಿ ಮಾಡಿದರು. 61ರಿಂದ 87 ವರ್ಷದ 33 ಮಂದಿಗೆ ಎರಡು ಸಣ್ಣ ಕಥೆಗಳನ್ನು ಕೇಳಿಸಿದರು. ಒಂದು ಕಥೆಯ ನಂತರ ಹತ್ತು ನಿಮಿಷ ಮಬ್ಬು ಬೆಳಕಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತರು. ಇನ್ನೊಂದು ಕಥೆಯ ನಂತರ ಹತ್ತು ನಿಮಿಷ ಕಂಪ್ಯೂಟರಿನಲ್ಲಿ ಎರಡು ಚಿತ್ರಗಳ ವ್ಯತ್ಯಾಸ ಹುಡುಕುವ ಆಟ ಆಡಿದರು. ಏಳು ದಿನಗಳ ಬಳಿಕವೂ ಸುಮ್ಮನೆ ಕುಳಿತ ಅವಧಿಗೆ ಮುಂಚಿನ ಕಥೆಯೇ ಹೆಚ್ಚು ನೆನಪಿತ್ತು. ಆಟವೂ ಪಾಠಕ್ಕೆ ವಿರಾಮವೇ ಎಂದು ನಾವು ತಿಳಿದಿದ್ದೆವು. ಮಿದುಳಿಗೆ ಅದು ಇನ್ನೊಂದು ಪಾಠ.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಮನ್ ಮತ್ತು ಸಂಗಡಿಗರು 2008ರಲ್ಲಿ, ಮರಗಳ ತೋಟದಲ್ಲಿ ನಡೆದು ಬಂದವರನ್ನೂ ನಗರದ ರಸ್ತೆಯಲ್ಲಿ ನಡೆದು ಬಂದವರನ್ನೂ ಹೋಲಿಸಿದರು. ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆಯಲ್ಲಿ ತೋಟದ ನಡಿಗೆಯ ನಂತರ ಸುಧಾರಣೆ ಸ್ಪಷ್ಟವಾಗಿ ಕಂಡಿತು. ರಸ್ತೆಯಲ್ಲಿ ವಾಹನ, ಫಲಕ, ಜನ ಎಲ್ಲವೂ ಗಮನವನ್ನು ಕೇಳುತ್ತವೆ; ಮರ ಕೇಳುವುದಿಲ್ಲ. ಹಾಗಾದರೆ ಕೈಯಲ್ಲಿನ ಮೊಬೈಲ್? ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 414 ವಿದ್ಯಾರ್ಥಿಗಳಿಗೆ ಪದಬಂಧದಂಥ ಸಮಸ್ಯೆಗಳನ್ನು ಕೊಟ್ಟು, ನಡುವೆ ಬಗೆಬಗೆಯ ವಿರಾಮ ಕೊಟ್ಟರು. ಮೊಬೈಲ್ ಹಿಡಿದು ವಿರಾಮ ಕಳೆದವರು ಉಳಿದ ಸಮಸ್ಯೆಗಳಿಗೆ ಶೇಕಡ 19ರಷ್ಟು ಹೆಚ್ಚು ಸಮಯ ತೆಗೆದುಕೊಂಡರು, ಬಿಡಿಸಿದ್ದು ಶೇಕಡ 22ರಷ್ಟು ಕಡಿಮೆ.

ಇಲ್ಲಿ ಉತ್ಪ್ರೇಕ್ಷೆಗೆ ಎಡೆ ಕೊಡಬಾರದು. ಡೆನ್ಮಾರ್ಕಿನ ಶಾಲಾ ಮಕ್ಕಳ ರಾಷ್ಟ್ರೀಯ ಪರೀಕ್ಷೆಗಳ ಅಂಕಗಳನ್ನು 2016ರಲ್ಲಿ ವಿಶ್ಲೇಷಿಸಿದಾಗ, ದಿನದಲ್ಲಿ ಪರೀಕ್ಷೆ ಒಂದು ಗಂಟೆ ತಡವಾದಂತೆ ಅಂಕ ಮಾನಕ ವಿಚಲನೆಯ ಶೇಕಡ 0.9ರಷ್ಟು ಇಳಿಯುವುದೂ, 20–30 ನಿಮಿಷದ ಬಿಡುವಿನ ನಂತರ ಶೇಕಡ 1.7ರಷ್ಟು ಏರುವುದೂ ಕಂಡಿತು. ಪರಿಣಾಮ ಸಣ್ಣದು. ಆದರೆ ಅದು ಹೆಚ್ಚಾಗಿ ತಟ್ಟಿದ್ದು ಕಡಿಮೆ ಅಂಕ ಪಡೆಯುವ ಮಕ್ಕಳಿಗೆ. ನಾವು ವಿಶೇಷ ತರಗತಿಗಾಗಿ ಬಿಡುವು ಕಸಿಯುವುದೂ ಅಂಥ ಮಕ್ಕಳದ್ದೇ ಎಂಬುದನ್ನು ಅಧ್ಯಾಪಕರು ನೆನಪಿಡಬೇಕು. ಹತ್ತು ನಿಮಿಷದೊಳಗಿನ ಕಿರು ಬಿಡುವುಗಳ ಬಗೆಗಿನ 22 ಅಧ್ಯಯನಗಳನ್ನು 2022ರಲ್ಲಿ ಒಟ್ಟುಗೂಡಿಸಿದಾಗ, ಅವು ದಣಿವನ್ನು ತಗ್ಗಿಸಿ ಚೈತನ್ಯ ತರುವುದು ಖಚಿತವಾಯಿತು. ಕಠಿಣ ಬೌದ್ಧಿಕ ಕೆಲಸದ ಗುಣಮಟ್ಟ ಏರಲು ಅಷ್ಟು ಸಾಲದಿರಬಹುದು ಎಂದೂ ಕಂಡಿತು. ಮನೋಬಲ ಎಂಬುದು ಟ್ಯಾಂಕಿನ ಇಂಧನದಂತೆ ಖಾಲಿಯಾಗುತ್ತದೆ ಎಂಬ ಜನಪ್ರಿಯ ಸಿದ್ಧಾಂತವನ್ನು 23 ಪ್ರಯೋಗಾಲಯಗಳು ಸೇರಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದಾಗ ಅದಕ್ಕೆ ಬೆಂಬಲ ದೊರೆಯಲಿಲ್ಲ. 25 ನಿಮಿಷ ಓದು, 5 ನಿಮಿಷ ಬಿಡುವು ಎಂಬ ಸೂತ್ರ ನಿಮಗೆ ಪರಿಚಿತವಿರಬಹುದು. 1980ರ ದಶಕದ ಕೊನೆಯಲ್ಲಿ ಇಟಲಿಯ ವಿದ್ಯಾರ್ಥಿ ಫ್ರಾಂಚೆಸ್ಕೊ ಚಿರಿಲ್ಲೊ ಟೊಮ್ಯಾಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಆರಂಭಿಸಿದ ಅಭ್ಯಾಸ ಅದು. ಅನುಕೂಲವೆನಿಸಿದರೆ ಬಳಸಿ, ಆದರೆ 25 ಎಂಬುದು ನಿಸರ್ಗದ ಸ್ಥಿರಾಂಕವಲ್ಲ.

ಮಾಡಿ ನೋಡಿ

ತರಗತಿಯಲ್ಲಿ ಮಾಡಬಹುದಾದ ಎರಡು ಪ್ರಯೋಗಗಳಿವೆ. ಬಟ್ಟೆಗೆ ಹಾಕುವ ಒಂದು ಕ್ಲಿಪ್ಪನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಅರ್ಧ ನಿಮಿಷದಲ್ಲಿ ಎಷ್ಟು ಬಾರಿ ಒತ್ತಲಾಯಿತೆಂದು ಎಣಿಸಿ. ಬಿಡುವಿಲ್ಲದೆ ಆರು ಸರದಿ ಮಾಡಿ ಆಲೇಖ ಬರೆಯಿರಿ. ಮರುದಿನ ಪ್ರತಿ ಸರದಿಯ ನಡುವೆ ಒಂದು ನಿಮಿಷ ಬಿಟ್ಟು ಮಾಡಿ, ಎರಡು ವಕ್ರರೇಖೆಗಳನ್ನು ಹೋಲಿಸಿ. ಬೆರಳು ನೋಯುವಂತಾದರೆ ನಿಲ್ಲಿಸಿಬಿಡಿ.

ಎರಡನೆಯದಕ್ಕೆ ಒಂದೇ ಮಟ್ಟದ ಎರಡು ಸಣ್ಣ ಗದ್ಯಭಾಗಗಳು ಬೇಕು. ತರಗತಿಯನ್ನು ಎರಡು ಗುಂಪು ಮಾಡಿ. ಮೊದಲ ಭಾಗ ಓದಿದ ಮೇಲೆ ಒಂದು ಗುಂಪು ಹತ್ತು ನಿಮಿಷ ಕಣ್ಣು ಮುಚ್ಚಿ ಸುಮ್ಮನಿರಲಿ, ಇನ್ನೊಂದು ಪದಬಂಧ ಬಿಡಿಸಲಿ. ಎರಡನೆಯ ಭಾಗಕ್ಕೆ ಗುಂಪುಗಳು ಅದಲುಬದಲಾಗಲಿ. ಇಲ್ಲದಿದ್ದರೆ ವ್ಯತ್ಯಾಸ ಬಿಡುವಿನದೋ ಮಕ್ಕಳದೋ ತಿಳಿಯುವುದಿಲ್ಲ. ಒಂದು ವಾರದ ನಂತರ ಮುನ್ಸೂಚನೆ ಕೊಡದೆ ಪ್ರಶ್ನೆ ಕೇಳಿ. ಫಲಿತಾಂಶ ಮೇಲೆ ಹೇಳಿದಂತೆ ಬರದಿದ್ದರೂ ಹಾಗೆಯೇ ಬರೆದಿಡಿ. ಏಕೆ ಬರಲಿಲ್ಲ ಎಂದು ಮಕ್ಕಳೊಂದಿಗೆ ಚರ್ಚಿಸುವುದೂ ಪಾಠವೇ.

ನನ್ನ ತರಗತಿಯ ಕ್ರಮ ಈಗ ಬದಲಾಗಿದೆ. ಕಠಿಣವಾದ ನಿಷ್ಪತ್ತಿಯೊಂದನ್ನು ಮುಗಿಸಿದ ಮೇಲೆ ತಕ್ಷಣ ಮುಂದಿನದಕ್ಕೆ ಹೋಗುವುದಿಲ್ಲ. ಕಪ್ಪು ಹಲಗೆಯನ್ನು ಅಳಿಸದೆ, ಸೀಮೆಸುಣ್ಣ ಕೆಳಗಿಟ್ಟು, ಮೂರು ನಾಲ್ಕು ನಿಮಿಷ ಕಿಟಕಿಯ ಬಳಿ ನಿಲ್ಲುತ್ತೇನೆ. ವಿದ್ಯಾರ್ಥಿಗಳಿಗೆ ಮೊದಮೊದಲು ಮುಜುಗರವಾಗುತ್ತಿತ್ತು. ಈಗ ಕೆಲವರು ಹಲಗೆ ನೋಡುತ್ತಾರೆ, ಕೆಲವರು ಹೊರಗೆ ನೋಡುತ್ತಾರೆ. ಗಂಟೆ ಹೊಡೆದರೆ ಮಾತು ಅರ್ಧದಲ್ಲಿದ್ದರೂ ನಿಲ್ಲಿಸುತ್ತೇನೆ. ಅಂದಿನ ಆ ಹುಡುಗಿ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಅವಳೂ ಅಧ್ಯಾಪಕಿಯಾಗಿದ್ದರೆ, ಅವಳ ತರಗತಿಯ ಮಕ್ಕಳು ಬಿಡುವಿನ ಹೊತ್ತಿಗೆ ಖಂಡಿತ ಹೊರಗಿರುತ್ತಾರೆ.